ಕವಲಿನಲ್ಲಿ ಎಡಕ್ಕೆ

ಮಾರ್ಚ್ 4, ಸೋಮವಾರ

ಚೈನ್ ಒರೆಸಿ ಎಣ್ಣೆ ಬಿಟ್ಟೆ. ಅಕ್ಕನ ಸೈಕಲ್ಲಿಗೂ. ಅವಳು ಅದನ್ನು ಮುಟ್ಟುತ್ತಿಲ್ಲ — ಪಾದದ ತುಂಬ ಬೊಬ್ಬೆ.

ಸಿಟ್ಟು ಆರುವ ಮೊದಲು ಬರೆದಿಡಬೇಕು. ನಿನ್ನೆಯ ರೈಡ್‌ನಲ್ಲಿ ಅವಳ ಟಯರ್ ಪಂಕ್ಚರ್. ಕ್ಲಬ್ ನಡೆಸುವ ವ್ಯಾಯಾಮದ ಮೇಷ್ಟ್ರು ನಿಲ್ಲಲಿಲ್ಲ. ಪಂಕ್ಚರ್ ಆದವರಿಗೆ ಕಾಯುವಂತಿಲ್ಲ, ಫೋನ್ ತರುವಂತಿಲ್ಲ — ಅವರ ರೂಲು. ದಾರಿ ಮೊದಲೇ ಹೇಳುವುದೂ ಇಲ್ಲ. 'ನನ್ನ ಹಿಂದೆ ಬನ್ನಿ, ಸಾಕು.' ತಾನೇ ಪಂಕ್ಚರ್ ಹಾಕಿಕೊಂಡು ಹೊರಟ ಅಕ್ಕ ಕವಲಿನಲ್ಲಿ ತಪ್ಪು ರಸ್ತೆ ಹಿಡಿದಳು. ಮತ್ತೆ ಗಾಳಿ ಹೋಯಿತು. ನಾಲ್ಕು ಗಂಟೆ ತಳ್ಳಿಕೊಂಡು ನಡೆದಳು.

ಇವತ್ತು ಕ್ಲಬ್ಬಿನಲ್ಲಿ ಎಲ್ಲರೆದುರು ಮೇಷ್ಟ್ರನ್ನು ಕೇಳಿದೆ, ದಾರಿ ಮೊದಲೇ ಯಾಕೆ ಹೇಳಲ್ಲ ಎಂದು.

'ಹಿಂದೆ ಬೀಳೋರಿಗೆ ದಾರಿ ಯಾಕೆ ಮರಿ?' ಎಂದರು.

ಎಲ್ಲರೂ ನಕ್ಕರು.

ನಿನ್ನೆ ಮುಂದಿನ ಗುಂಪಿನಲ್ಲಿ ನಾನೂ ಇದ್ದೆ. ನಾನೂ ನಿಲ್ಲಲಿಲ್ಲ. ಅದು ಬೇರೆ ವಿಷಯ.

ಆ ಕವಲಿನಲ್ಲೇ ಅವರು ನನ್ನ ಹತ್ತಿರ ದಾರಿ ಕೇಳಬೇಕು. ಕೇಳಿಸುತ್ತೇನೆ.

ಮಾರ್ಚ್ 6

ಕೆಲಸದ ಪ್ರೆಸ್‌ನಲ್ಲಿ ಯಾವುದೋ ಸಂಘದ ಕರಪತ್ರಗಳ ಕಟಿಂಗ್ ಮುಗಿಸಿ, ಉಳಿದದ್ದೊಂದನ್ನು ಮನೆಗೆ ತಂದೆ. ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದೇನೆ. 'ನಕ್ಷೆ ಒಬ್ಬನ ತಲೆಯೊಳಗಿರುವವರೆಗೂ ಉಳಿದವರು ಅವನ ಆಳುಗಳು.' ನಮ್ಮ ಮೇಷ್ಟ್ರನ್ನು ನೋಡಿಯೇ ಬರೆದ ಹಾಗಿದೆ.

ಸೈಕಲ್ಲಿಗೆ ಸಿಕ್ಕಿಸುವ ಜಿಪಿಎಸ್ ಕೊಳ್ಳಲೇಬೇಕು.

ಮಾರ್ಚ್ 9, ಮಧ್ಯಾಹ್ನ

ಸೈಕಲ್ ಅಂಗಡಿ. ಅಂಗಡಿಯಾಕೆ ಮೂರು ತೆಗೆದಿಟ್ಟಳು. ಮೊದಲನೆಯದು ದೊಡ್ಡ ಟಚ್ ಸ್ಕ್ರೀನ್. ನನ್ನ ಹಣೆಯ ಬೆವರು ಒಂದು ಹನಿ ಬಿದ್ದದ್ದೇ ತಡ, ತಾನೇ ಬೇರೆ ಪುಟಕ್ಕೆ ಹೋಯಿತು. ಬೇಡ. ಎರಡನೆಯದರಲ್ಲಿ ನಕ್ಷೆಯಿಲ್ಲ, ಬರೀ ಗೆರೆ. ಆ ಗೆರೆಯನ್ನೂ ಮೊದಲೇ ಯಾರೋ ಹಾಕಿಕೊಡಬೇಕು. ಅದಕ್ಕೆ ಮೇಷ್ಟ್ರೇ ಸಾಕಲ್ಲ. ಮೂರನೆಯದು ಪುಟ್ಟದು, ಬಟನ್ನಿನದು. ಒಳಗೇ ನಕ್ಷೆ. ದಾರಿ ತಪ್ಪಿದರೆ ತಾನೇ ಇನ್ನೊಂದು ಹುಡುಕುತ್ತದೆ.

'ನಿಂಗೆ ಮುಖ್ಯವಾಗಿ ಏನು ಬೇಕು? ದಾರೀನಾ, ಸ್ಪೀಡಾ, ಹಾರ್ಟ್‌ರೇಟಾ?'

'ಒಬ್ಬರನ್ನ ಹಿಂದೆ ಬಿಟ್ಟು ಬರೋದು.'

'ಅದಕ್ಕೆ ಬಟನ್ ಇಲ್ಲಪ್ಪ.'

ಮೂರನೆಯದನ್ನೇ ತಂದೆ. ಅಕ್ಕನಿಗೆ ತೋರಿಸಿ, 'ನಿನಗೋಸ್ಕರ' ಎಂದೆ.

'ನನ್ನ ಕಾಲಿನ ಬೊಬ್ಬೆ ನಂಗಿಂತ ನಿಂಗೇ ಜಾಸ್ತಿ ಉಪಯೋಗಕ್ಕೆ ಬರ್ತಿದೆ ಕಣೋ.'

ಮಾರ್ಚ್ 17, ಭಾನುವಾರ, ಸಂಜೆ 6.20

ಆಯಿತು.

ಬೆಳಗಿನ ರೈಡ್‌ನಲ್ಲಿ ಸೇತುವೆ ರಿಪೇರಿ, ರಸ್ತೆ ಬಂದ್. ಮೇಷ್ಟ್ರ ತಲೆಯೊಳಗಿನ ನಕ್ಷೆ ಅಲ್ಲಿಗೇ ಮುಗಿಯಿತು. ಬಟನ್ ಒತ್ತಿದೆ, ಬೇರೆ ದಾರಿ ಬಂತು. ಕ್ಲಬ್ಬಿನ ಉಳಿದ ಐವರೂ ನನ್ನ ಹಿಂದೆ. ಮೇಷ್ಟ್ರೂ — ಕೊನೆಯಲ್ಲಿ. ಎರಡು ಕಿಲೋಮೀಟರ್ ಆದಮೇಲೆ ಅವರ ಟಯರ್ ಹೋಯಿತು. ಅವರದೇ ರೂಲು. ಯಾರೂ ನಿಲ್ಲಲಿಲ್ಲ.

'ಮುಂದೆ ಕವಲಲ್ಲಿ ಯಾವ ಕಡೆ ಮರಿ?' ಕೂಗಿ ಕೇಳಿದರು. ಎರಡು ವಾರದಿಂದ ಈ ಮಾತಿಗಾಗಿಯೇ ಬಾಯಾರಿದ್ದೆ.

'ಎಡಕ್ಕೆ, ಮೇಷ್ಟ್ರೇ.'

ಕವಲಿನಲ್ಲಿ ಬಲಕ್ಕೆ ತಿರುಗಿದೆ. 'ಎಡಕ್ಕೆ' ಎಂದದ್ದು ಐವರಿಗೂ ಕೇಳಿಸಿತ್ತು. ಆದರೂ ನನ್ನ ಹಿಂದೆ ಬಂದರು, ಅಷ್ಟೆ.

ಮನೆ ಸೇರಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಊಟ ರುಚಿಸಿತು. ಚೆನ್ನಾಗಿ ನಿದ್ದೆ ಹೊಡೆದೆ.

ಈಗ ಮೇಷ್ಟ್ರ ಹೆಂಡತಿ ಬಂದು ಹೋದರು. ಮೇಷ್ಟ್ರು ಇನ್ನೂ ಮನೆಗೆ ಬಂದಿಲ್ಲವಂತೆ. ಫೋನ್ ಮೇಜಿನ ಮೇಲೇ ಇದೆಯಂತೆ. ನಾನು ಗೊತ್ತಿಲ್ಲ ಎಂದೆ. ಅಕ್ಕ ನನ್ನ ಮುಖ ನೋಡಿದಳು.

ನನ್ನ ಹ್ಯಾಂಡಲ್‌ನಿಂದ ಜಿಪಿಎಸ್ ಕಿತ್ತು ತನ್ನದಕ್ಕೆ ಸಿಕ್ಕಿಸಿಕೊಂಡಳು. ಇನ್ನೂ ಪೂರ್ತಿ ಮಾಗದ ಬೊಬ್ಬೆಗಳ ಮೇಲೇ ಶೂ ಏರಿಸಿದ್ದಾಳೆ. ಹದಿನೈದು ದಿನಕ್ಕೆ ಮೊದಲ ಸಲ ಸೈಕಲ್ ಹೊರಗೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ —

'ಯಾವ ಕಡೆ ಕಳಿಸಿದೆ?'

ಪೆನ್ನು ಕೆಳಗಿಡಬೇಕು. ಹೇಳಿದರೆ, ಅವಳ ಹಿಂದೆ ನಾನೂ —