ಕಂಬದಿಂದ ಇಳಿಸಿದ ಕೇಬಲ್

ಆಗಸ್ಟ್ ೫, ಬೆಳಿಗ್ಗೆ

ಕೇಬಲ್ ಟಿವಿಯವರು ಕಂಬದಿಂದ ಇಳಿಸಿದ್ದು ಗುಜರಿಯಲ್ಲಿ ಸಿಕ್ಕಿತು. ದೊಡ್ಡ ಸುರುಳಿ. ಮೇಲಿನ ಅಕ್ಷರ ಅಳಿಸಿದೆ. ಅಕ್ಷರ ಯಾರಿಗೆ ಬೇಕು? ನಡುತಂತಿಗೆ ಅಯಸ್ಕಾಂತ ಹಿಡಿದೆ — ಅಂಟಲಿಲ್ಲ. ಅಪ್ಪಟ ತಾಮ್ರ! ಬೋಟಿನ ವೈರ್‌ಲೆಸ್ಸಿಗೆ ಧಾರಾಳ ಸಾಕು. ಹೊಸದೇ ಬೇಕೆನ್ನುವವರು ನನ್ನ ಹತ್ತಿರ ಬಂದು ಕಲಿಯಲಿ.

ಆಗಸ್ಟ್ ೭

ನೂಲಹುಣ್ಣಿಮೆಗೆ ಎರಡೇ ದಿನ. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಕಾಸರಕೋಡಿನಲ್ಲಿ ಒಂದು ಬೋಟೂ ದಡದಲ್ಲಿ ನಿಲ್ಲುವುದಿಲ್ಲ. ಎಲ್ಲರಿಗೂ ಅರ್ಜೆಂಟು. ತಿಮ್ಮಪ್ಪನ ಬೋಟಿಗೂ ದೇವರಾಜ ಭಾವನ ಬೋಟಿಗೂ ಆಂಟೆನಾ ಕೇಬಲ್ ಎಳೆದೆ. ಹಳೇ ಕೇಬಲ್ ಆದರೆ ಅಲ್ಲಲ್ಲಿ ಕೊಯ್ದು, ಒಳಗಿನ ತಂತಿಜಾಲರಿ ಹೊಳೆಯುತ್ತದೆಯೇ ನೋಡುವುದು ರೂಢಿ. ಈ ಸಲ ನೋಡಲಿಲ್ಲ. ಪುರುಸೊತ್ತೆಲ್ಲಿ? ತಂತಿ ತುಂಡಾಗಿಲ್ಲವೆಂದು ಮೀಟರ್ ಕುಂಯ್ ಎಂದಿತು. ಸಾಕು.

ಆಗಸ್ಟ್ ೨೦, ಮಧ್ಯಾಹ್ನ ೧

ತಿಮ್ಮಪ್ಪ ಬಂದ. ಗಾಳಿಗೆ ಸಿಕ್ಕಿ ಬೋಟಿನ ಮೂತಿ ಒಡೆದಿದೆ. ಅಂಗಳದಲ್ಲೇ ಕೂಗಾಡಿದ —

"ಎಂತ ಹಾಕ್ದೆ ಮಾರಾಯ? ಗಾಳಿ ಬತ್ತದೆ, ವಾಪಸ್ ಬನ್ನಿ ಅಂತ ಎಲ್ರಿಗೂ ಕೇಳ್ತು. ನಮ್ ಸೆಟ್ಟು ಬರೀ ಗೊರಗೊರ!"

ಸೆಟ್ಟಿನದೇ ದೋಷ ಎಂದೆ. ದೊಡ್ಡ ದನಿಯಲ್ಲೇ ಎಂದೆ.

೩ ಗಂಟೆ

ಅವನ ಕೇಬಲ್ ಬಿಚ್ಚಿ ತಂದು ಉದ್ದಕ್ಕೆ ಸೀಳಿದೆ.

ಅಯ್ಯೋ ದೇವರೇ.

ಹೊರಗೆ ಚೆನ್ನಾಗಿದೆ. ಒಳಗೆ ಜಾಲರಿ ಕರ್ರಗೆ. ನೀರು ಇಳಿದಿದೆ. ಮುಟ್ಟಿದರೆ ಪುಡಿಪುಡಿ. ಜಾಲರಿ ಸತ್ತರೆ ಸೆಟ್ಟಿಗೆ ಬರೀ ಗೊರಗೊರ. ಎಷ್ಟು ಮಳೆಗಾಲ ಕುಡಿದಿತ್ತೋ! ಇಪ್ಪತ್ತು ವರ್ಷ ಇದೇ ಕೆಲಸ, ನಾನು ಕೊಯ್ದು ನೋಡಲಿಲ್ಲ... ಕೊಯ್ದು ನೋಡಲಿಲ್ಲ.

ಅದೇ ಸುರುಳಿಯ ಇನ್ನೊಂದು ತುಂಡು ಭಾವನ ಬೋಟಿನಲ್ಲಿದೆ. ಏಳು ಜನ. ಇನ್ನೂ ಬಂದಿಲ್ಲ. ಸಂಜೆಗೆ ಗಾಳಿ ಇನ್ನೂ ಜೋರಂತೆ.

೪:೩೦, ಬಂದರು

ಬಂದರಿನ ಸೆಟ್ಟಿನಲ್ಲಿ ಕರೆದೆ. ಬೇರೆ ಬೋಟಿನವರು ಓಗೊಟ್ಟರು, ಭಾವನಿಲ್ಲ. ಹೆಂಡತಿ ಸುಚಿತಾ ಓಡಿ ಬಂದು ನನ್ನ ಕೈಯಿಂದ ಮೈಕ್ ಕಸಿದುಕೊಂಡಳು. ಅವಳಿಗೆ ಇರುವುದು ಒಬ್ಬನೇ ಅಣ್ಣ.

"ಅಣ್ಣಾ, ಕೇಳ್ತದ್ಯಾ? ವಾಪಸ್ ಬಾ ಅಣ್ಣಾ..."

ಗೊರಗೊರ. ಮತ್ತೆ ಕರೆದಳು. ಮತ್ತೆ. ಅಣ್ಣನಿಗೆ ಕೇಳುತ್ತಿದೆ ಎಂದೇ ನಂಬಿದ್ದಾಳೆ. ಅವನ ಕಿವಿಯನ್ನು ನಾನೇ ಮುಚ್ಚಿ ಕಳಿಸಿದೆ.

೫:೧೦

ಈಗಷ್ಟೇ ನನ್ನ ಕಡೆ ತಿರುಗಿದಳು. "ಎಲ್ರೂ ಮಾತಾಡ್ತ್ರು. ಅಣ್ಣ ಒಬ್ನೇ ಯಾಕೆ ಮಾತಾಡ್ತಿಲ್ಲ? ನೀವೇ ಅಲ್ವಾ ಕೇಬಲ್ ಹಾಕಿದ್ದು? ಸರಿ ಉಂಟಲ್ಲ?"

ತಲೆ ಎತ್ತದೆ ಬರೆಯುತ್ತಿದ್ದೇನೆ. ನನ್ನ ಉತ್ತರಕ್ಕೇ ಕಾಯುತ್ತಿದ್ದಾಳೆ. ಹೇಳುತ್ತೇನೆ. ಸುಚಿತಾ, ಅದು ನಾನು —