ಕ್ಷೇತ್ರೋತ್ಸವದ ಎರಡನೆಯ ಕುರ್ಚಿ

ಜೋರಾಪುರ ಪೇಟೆ, ವಿಜಯಪುರ
10 ಮಾರ್ಚ್ 2025

ಶಿವಲಿಂಗ ಅವರೆ,

ಮದುವೆಯಾದ ಮೇಲೆ ನಿಮ್ಮ ಹೆಸರು ಬರೆದು ಮಾತು ಶುರು ಮಾಡುತ್ತಿರುವುದು ಇದೇ ಮೊದಲು. ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಮೊದಲು ಕೆಲಸದ ಮಾತು. ಬಬಲೇಶ್ವರದ ನಿಮ್ಮ ಒಣದ್ರಾಕ್ಷಿ ಶೆಡ್ಡಿನ ಪಕ್ಕ ನಮ್ಮ ಕೃಷಿ ಎಂಜಿನಿಯರಿಂಗ್ ವಿಭಾಗ ನಿಲ್ಲಿಸಿರುವ ಸೋಲಾರ್ ಡ್ರೈಯರಿನಲ್ಲಿ ದ್ರಾಕ್ಷಿ ಒಂದೇ ಪದರ ಹರಡಿಸಿ. ದಪ್ಪಗೆ ಸುರಿದರೆ ಅಂಟಿಕೊಂಡು ಕಪ್ಪಾಗುತ್ತದೆ. ಸಂಜೆ ಗಾಳಿ ತಂಪಾಗುವ ಮೊದಲೇ ಕಿಂಡಿ ಮುಚ್ಚಿಸಿ. ಇದನ್ನು ಶನಿವಾರ ರೈತರಿಗೆ ಡ್ರೈಯರ್ ತೋರಿಸಿದ ಕ್ಷೇತ್ರೋತ್ಸವದಲ್ಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಿಮ್ಮ ಜಾಗ ಆರಿಸಿದ್ದು ವಿಭಾಗ, ತಪ್ಪು ತಿಳಿಯಬೇಡಿ.

ಅಂದು ಬಸ್ಸಿನಿಂದ ಇಳಿದಾಗ ಎಲ್ಲರಿಗೂ ಹೇಳಿದಂತೆ ನನಗೂ 'ಬರ್ರಿ ಮೇಡಮ್ಮಾರ' ಅಂದಿರಿ. ನಾನೂ ಕೈ ಮುಗಿದೆ. ಇಷ್ಟು ವರ್ಷ ಬೇರೆ ಇದ್ದವರಿಗೆ ಅದೇನೂ ಕಷ್ಟವಾಗಲಿಲ್ಲ. ನೀವು ನನ್ನ ಗಂಡನೆಂದು ವಿಭಾಗದಲ್ಲಿ ಯಾರಿಗೂ ಹೇಳಿಲ್ಲ. ಆದ್ದರಿಂದ ನಮ್ಮ ವಿದ್ಯಾರ್ಥಿನಿ ಮಿನಾಜಳ ಮೇಲೆ ಸಿಟ್ಟಾಗಬೇಡಿ. ಕ್ಷೇತ್ರೋತ್ಸವದಲ್ಲಿ ಜಾಗ ಕೊಟ್ಟ ರೈತ ದಂಪತಿಗೆ ಶಾಲು ಹೊದಿಸುವುದು ನಮ್ಮ ಪದ್ಧತಿ. ಕೊನೆಯ ವರ್ಷದ ಆ ಹುಡುಗಿ ಎರಡು ಕುರ್ಚಿ ಹಾಕಿಸಿ, ನಿಮ್ಮನ್ನು ಒಂದರಲ್ಲಿ ಕೂರಿಸಿ, ನಿಮ್ಮ ಮನೆಯವರು ವೇದಿಕೆಗೆ ಬರಬೇಕೆಂದು ಮೈಕಿನಲ್ಲಿ ಕರೆದಳು. ಮತ್ತೆ ಮತ್ತೆ ಕರೆದಳು. ಶಾಲು ಹಿಡಿದು ನಿಮ್ಮೆದುರು ನಿಂತಿದ್ದವಳು ನಾನು. ಊರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. 'ಶಾಲ ಹಿಡಕೊಂಡ ನಿಂತಾಳಲ್ಲ, ಮತ್ಯಾರನ್ನ ಕರೀತೈತಿ ಈ ಹುಡುಗಿ' ಎಂದು ಪಕ್ಕದ ಹೊಲದ ಬೋರವ್ವ ಗೊಣಗಿದ್ದು ನನಗಷ್ಟೇ ಕೇಳಿಸಿತೆಂದುಕೊಂಡಿದ್ದೇನೆ.

ಆಗ ನೀವು ಮಿನಾಜಳಿಗೆ ಹೇಳಿದಿರಿ: "ಆ ಕುರ್ಚಿ ಖಾಲೀನ ಇರ್ಲಿ ಬಿಡವ್ವಾ. ಅಕಿಗೆ ಇವತ್ತ ಡ್ಯೂಟಿ ಐತಿ."

ಬಬಲೇಶ್ವರದಿಂದ ದಿನಾ ಓಡಾಡುವ ಕೆಲಸ ಬೇಡವೆಂದು ನೀವು, ಬಿಡುವುದಿಲ್ಲವೆಂದು ನಾನು ಜಗಳವಾಡುತ್ತಿದ್ದ ಕಾಲದಲ್ಲಿ 'ಡ್ಯೂಟಿ' ಎಂದು ನೀವು ಹಂಗಿಸಿದರೆ ನನಗೆ ಊಟ ಸೇರುತ್ತಿರಲಿಲ್ಲ. ಶನಿವಾರ ಅದೇ ಮಾತು ನನ್ನ ಮಾನ ಕಾಯಿತು. ಶಾಲು ಹೊದಿಸುವಾಗ ಅದು ಹೆಗಲಿನಿಂದ ಜಾರಿತು. ನೀವೇ ಸರಿ ಮಾಡಿಕೊಂಡಿರಿ.

ಅದಕ್ಕೂ ಮೊದಲು ನಿಮ್ಮ ಧೂಳಪ್ಪ ಕಾಕಾ ಇಲ್ಲಿ ನನ್ನ ಮನೆಗೆ ಬಂದಿದ್ದರು. "ಹಿಂಗ ಎಷ್ಟ ದಿನಾ ನಂದವ್ವಾ? ಒಂದಾಗ್ರಿ, ಇಲ್ಲಾ ಬಿಟ್ಟಬಿಡ್ರಿ" ಅಂದರು. ಯುಗಾದಿಯೊಳಗೆ ಹಿರಿಯರ ಮುಂದೆ ಕೂತು ಮುಗಿಸಬೇಕಂತೆ. ನೀವೇ ಕಳಿಸಿದಿರಾ ಎಂದು ನಾನು ಕೇಳಲಿಲ್ಲ. ಕೇಳಿ ಉತ್ತರ ತಿಳಿಯುವ ಧೈರ್ಯವಿರಲಿಲ್ಲ.

ದಣಿದಿದ್ದೇನೆ. ಬೆಳಗ್ಗೆ ಪಂಪುಗಳ ಪಾಠ, ಮಧ್ಯಾಹ್ನ ಪ್ರಯೋಗಾಲಯ, ವಾರದ ಕೊನೆಗೆ ಯಾವುದಾದರೂ ಹಳ್ಳಿ, ಬಂದ ಮೇಲೆ ವರದಿ. ದಿಂಬಿನ ಪಕ್ಕದ ಕವನ ಸಂಕಲನ ಸಂಕ್ರಾಂತಿಯಿಂದ ಅದೇ ಪುಟದಲ್ಲಿದೆ. ನಿಮ್ಮೊಡನೆ ಜಗಳ ಮುಂದುವರಿಸುವ ಶಕ್ತಿ ನನ್ನಲ್ಲಿಲ್ಲ. ಹಿರಿಯರ ಮುಂದೆ ಕೂತು ಮುಗಿಸುವ ಶಕ್ತಿಯೂ ಇಲ್ಲ. ಆದರೆ ಕೆಲಸ ಬಿಡಲಾರೆ. ಅದನ್ನು ಇಟ್ಟುಕೊಂಡೇ ನಾನು ಬಬಲೇಶ್ವರದ ಆ ಮನೆಗೆ ಬರಬಹುದಾದರೆ, ಕಾಕಾ ಅವರಿಗೆ ಹಿರಿಯರನ್ನು ಕರೆಯಬೇಡಿರೆಂದು ಹೇಳಿ.

ಕಿಂಡಿ ಮರೆಯಬೇಡಿ.

ನಂದಾ

ತಾ.ಕ.: ತಿಕೋಟಾದಲ್ಲಿ ಇನ್ನೂ ದೊಡ್ಡ ಶೆಡ್ಡಿನವರು ಜಾಗ ಕೊಡಲು ಒಪ್ಪಿದ್ದರು. ನಿಮ್ಮದನ್ನು ಆರಿಸಿದವಳು ನಾನೇ. ದ್ರಾಕ್ಷಿಯ ತೇವಾಂಶ ಅಳೆಯಲು ವಿದ್ಯಾರ್ಥಿಗಳು ಬುಧವಾರ ಬರುತ್ತಾರೆ. ನಾನು ಭಾನುವಾರ ಬರುತ್ತೇನೆ. ಅಂದು ಡ್ಯೂಟಿ ಇಲ್ಲ.