ವರ್ನೆಲ್‌ಳ ಕೈಚೀಲ

ನ್ಯೂ ಆರ್ಲಿಯನ್ಸ್, ಶನಿವಾರ ಸಂಜೆ

ಅಕ್ಕಾ,

ಪಕ್ಕದ ಮನೆಯ ಆಲ್ಸೀಡ್, ಟ್ರಾಂಬೋನ್ ಊದುತ್ತಿದ್ದವನು, ತೀರಿಕೊಂಡ. ಇವತ್ತು ಮಣ್ಣು ಮಾಡಿದೆವು. ಹೋಗುವಾಗ ಬ್ಯಾಂಡಿನವರು ಎದೆ ಹಿಂಡುವಂತೆ ನಿಧಾನವಾಗಿ ನುಡಿಸಿದರು. ಎಲ್ಲ ಮುಗಿದು ಸ್ಮಶಾನದಿಂದ ಹೊರಗೆ ಬಂದದ್ದೇ ಡೋಲು ಜೋರಾಯಿತು. ಇನ್ನು ಅವನನ್ನು ಕುಣಿದು ಕಳಿಸಬೇಕು, ಇಲ್ಲಿಯ ರೂಢಿ ಅದು. ಅವನ ಹೆಂಡತಿ ವರ್ನೆಲ್ ಕರವಸ್ತ್ರ ಎತ್ತಿ ಹೆಜ್ಜೆ ಹಾಕಿದಳು. ಪ್ರವಾಸಿಗಳು ಫೋನ್ ಹಿಡಿದು ಚಿತ್ರ ತೆಗೆಯುತ್ತಿದ್ದರು. ನಾನು ಅವಳ ಕೈ ಹಿಡಿದು, "ಬೇಡ, ಎಲ್ಲರೂ ನೋಡ್ತಿದಾರೆ" ಎಂದುಬಿಟ್ಟೆ.

ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಬೇರೆಯವರ ಸಾವಿನಲ್ಲಿ ನಾನೇ ಕುಣಿದಿದ್ದೇನೆ. ಆ ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ.

"ನೋಡಲಿ ಬಿಡೇ! ಊರನ್ನೆಲ್ಲ ಕುಣಿಸಿದೋನು ಕಣೇ. ನಾನು ಸುಮ್ನೆ ನಿಂತರೆ, ಇವಳಿಗೆ ನನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡೇ ಹೋಗ್ತಾನೆ" ಎಂದಳು. ಅಷ್ಟರಲ್ಲಿ ಬ್ಯಾಂಡು ಬೀದಿಯ ತಿರುವು ದಾಟಿತ್ತು. ಅವಳ ಕರವಸ್ತ್ರ ಕೆಳಗಿಳಿಯಿತು.

ಡೋಲಿನ ಮುದುಕ ತಿರುಗಿ ನೋಡಿ ಕೂಗಿದ: "ಹೆಂಡ್ತೀನ ಬಿಟ್ಟು ಎಲ್ಲಿಗ್ರೋ ಹೊರಟ್ರಿ? ವಾಪಸ್ ನಡೀರಿ!" ಇಡೀ ಬ್ಯಾಂಡು ಹಿಂದೆ ಬಂದು ಅವಳೆದುರು ಮೊದಲಿಂದ ಶುರುಮಾಡಿತು. ವರ್ನೆಲ್ ತನ್ನ ಕೈಚೀಲವನ್ನು ನನ್ನೆದೆಗೆ ಒತ್ತಿ, "ಹಿಡ್ಕೊಳ್ಳೋದು ಅಂದ್ರೆ ಇಷ್ಟ ಅಲ್ವಾ ನಿಂಗೆ? ತಗೋ, ಇದನ್ನ ಹಿಡ್ಕೋ" ಎಂದು ಅಳುತ್ತಲೇ ಕುಣಿಯುತ್ತ ಹೋದಳು.

ಬಿಸಿಲಿಗೆ ತಲೆನೋವು ಬಂದಿದೆ, ಅಷ್ಟೇ. ಬಿಪಿ ಮಾತ್ರೆ ತಪ್ಪಿಸಿಲ್ಲ. ಕೈಚೀಲ ಇನ್ನೂ ನನ್ನ ಮೇಜಿನ ಮೇಲಿದೆ. ಹೋಗಿ ಕೊಡಲು ಮುಖವಿಲ್ಲದೆ ನಿನಗೆ ಬರೆಯುತ್ತ ಕೂತೆ. ಕಾರ್ಡಿನಲ್ಲೂ ಜಾಗ ಮುಗಿಯಿತು, ಹೋಗಿ ಕೊಟ್ಟು ಬರುತ್ತೇನೆ.

ರೋಹಿಣಿ